ಅಲುಗಾಡಿದರೆ ಹೊತ್ತಿಕೊಳ್ಳುವ ದೀಪದವರಿಗೆ

ಇವರಿಗೆ,
ಸ್ವಯಂಚಾಲಿತ ದೀಪದವರು,
ಛಾವಣಿಯ ನಟ್ಟನಡುವೆ, ಕೊಠಡಿ ಸಂಖ್ಯೆ ಇನ್ನೂರಾ ಏಳು,
ಪರೀಕ್ಷಾ ಭವನದ ಎದುರಿನ ವಸತಿಗೃಹ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವುದು ಪತ್ರದ ಮರ್ಯಾದೆ. ಆದರೆ ತಮ್ಮ ಆರೋಗ್ಯದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಳೆದ ಗುರುವಾರ ಮಧ್ಯಾಹ್ನ ಒಂದು ಗಂಟೆಯಿಂದ ಐದು ಗಂಟೆಯವರೆಗೆ ತಮ್ಮ ಕಣ್ಣಿನ ಕೆಳಗೇ ಬಿದ್ದುಕೊಂಡಿದ್ದ ನಾನು, ತಾವು ಎಷ್ಟು ಚುರುಕಾಗಿ, ಎಷ್ಟು ನಿಷ್ಠೆಯಿಂದ, ಯಾರೂ ಬೇಡಿಕೊಳ್ಳದಿದ್ದರೂ ಎಷ್ಟು ಉದಾರವಾಗಿ ಹೊತ್ತಿಕೊಳ್ಳುತ್ತೀರಿ ಎಂಬುದನ್ನು ಚೆನ್ನಾಗಿ ನೋಡಿದ್ದೇನೆ.

ತಮ್ಮ ಕುಲದವರೊಂದಿಗೆ ನನ್ನ ಪರಿಚಯ ಇಂದು ನಿನ್ನೆಯದಲ್ಲ. ನಾನು ಮೂವತ್ತನಾಲ್ಕು ವರ್ಷ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಸ್ವಿಚ್ ಒತ್ತಿದ ಮೇಲೆ ಅರ್ಧ ನಿಮಿಷ ಯೋಚನೆ ಮಾಡಿ, ಎರಡು ಸಲ ಮಿಟುಕಿಸಿ, ಆಮೇಲೆ ಒಪ್ಪಿಕೊಳ್ಳುತ್ತಿದ್ದ ಟ್ಯೂಬ್‌ಲೈಟುಗಳ ಕೆಳಗೆ ನನ್ನ ತಲೆ ನರೆತಿದೆ. ನಮ್ಮ ಬೀದಿಯಲ್ಲಿ ಹಗಲೆಲ್ಲ ಉರಿದು ಸಂಜೆಯಾದೊಡನೆ ಆರಿಹೋಗುತ್ತಿದ್ದ ಕಂಬದ ದೀಪವೊಂದರ ಬಗ್ಗೆ ಸಂಬಂಧಪಟ್ಟವರಿಗೆ ಆರು ವರ್ಷಗಳಲ್ಲಿ ಹತ್ತೊಂಬತ್ತು ಪತ್ರ ಬರೆದು, ಕೊನೆಗೆ ದೀಪವನ್ನಲ್ಲ, ಕಂಬವನ್ನೇ ಕಿತ್ತುಕೊಂಡು ಹೋಗುವಂತೆ ಮಾಡಿದ ಕೀರ್ತಿಯೂ ನನ್ನದೇ. ದೂರು ಬರೆಯುವುದು ನನಗೆ ಊಟವಾದ ಮೇಲಿನ ಕೆಲಸ. ಬರೆದದ್ದನ್ನು ನಡುಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದಿ, ಹೊಡೆದುಹಾಕಿ, ತಿದ್ದಿ, ಮತ್ತೆ ಓದುತ್ತೇನೆ. ನನ್ನ ಮನೆಯಾಕೆ ಎದುರಿನ ಕುರ್ಚಿಯಲ್ಲಿ ಕುಳಿತು ಮೊದಲ ಪುಟ ಮುಗಿಯುವವರೆಗೆ ಕೇಳಿಸಿಕೊಳ್ಳುತ್ತಾಳೆ. "ನಿಮ್ಮ ಪತ್ರ ನೋಡಿ ಆ ಅಧಿಕಾರಿಗಳು ಏನ್ ಮಾಡ್ತಾರೋ ಗೊತ್ತಿಲ್ಲ ರೀ, ನನಗಂತೂ ಕಣ್ಣು ಎಳೀತಾ ಬರುತ್ತೆ" ಎಂಬುದು ನನ್ನ ಸಾಹಿತ್ಯದ ಬಗ್ಗೆ ಈವರೆಗೆ ಬಂದಿರುವ ಏಕೈಕ ವಿಮರ್ಶೆ. ಈ ಮಾತನ್ನು ತಾವು ನೆನಪಿನಲ್ಲಿಡಬೇಕಾಗಿ ವಿನಂತಿ.

ಇನ್ನು ನಾವು ತಮ್ಮ ಆಶ್ರಯಕ್ಕೆ ಬಂದ ಕಾರಣ. ನನ್ನ ಮಗಳು ಜಮೀನು ಅಳೆಯುವ ಸರ್ವೆ ಕೆಲಸದವಳು. ಏಳು ವರ್ಷದಿಂದ ತಾತ್ಕಾಲಿಕ ನೌಕರಿಯಲ್ಲಿ ಬಿಸಿಲಲ್ಲಿ ನಿಂತು ಪರರ ಹೊಲಗಳ ಗಡಿ ಗುರುತಿಸುತ್ತಿರುವ ಅವಳಿಗೆ, ಕಾಯಂ ಆಗಲು ಇದು ಮೂರನೆಯ ಪರೀಕ್ಷೆ. ವಯಸ್ಸಿನ ಮಿತಿಯ ಪ್ರಕಾರ ಕೊನೆಯದು. ಅಳಿಯ ಹಡಗಿನಲ್ಲಿ ಅಡುಗೆ ಮಾಡುವವನು, ಆ ದಿನ ಎಲ್ಲೋ ನಡುನೀರಿನಲ್ಲಿದ್ದ. ಮನೆಯಾಕೆ ಕಾಲು ಉಳುಕಿಸಿಕೊಂಡು ಮನೆಯಲ್ಲೇ ಉಳಿದಳು. ಹೀಗಾಗಿ ಮಗಳು, ನಾನು, ಮತ್ತು ಎರಡು ವರ್ಷ ತುಂಬಲು ಎರಡು ತಿಂಗಳಿರುವ ಮೊಮ್ಮಗಳು, ಮೂವರೂ ಬುಧವಾರ ಸಂಜೆ ತಮ್ಮ ಕೊಠಡಿಗೆ ಬಂದಿಳಿದೆವು. ಕಂಡದ್ದನ್ನೆಲ್ಲ ಮುಟ್ಟಿ, ತೆರೆದು, ನೆಕ್ಕಿ ತಪಾಸಣೆ ಮಾಡುವ ಮೊಮ್ಮಗಳನ್ನು ನಾವು ಮನೆಯಲ್ಲಿ ಇನ್ಸ್‌ಪೆಕ್ಟರಮ್ಮ ಎಂದು ಕರೆಯುತ್ತೇವೆ.

ಇನ್ಸ್‌ಪೆಕ್ಟರಮ್ಮನವರಿಗೆ ಮಧ್ಯಾಹ್ನದ ನಿದ್ದೆ ಒಂದು ಗಂಟೆಗೆ. ಅದು ತಪ್ಪಿದರೆ ಅಳು; ಅಳು ಮಿತಿ ಮೀರಿದರೆ ಉಸಿರು ಹಿಡಿದುಕೊಂಡು ತುಟಿ ನೀಲಿಯಾಗುತ್ತದೆ. ಹಿಂದಿನ ಸಲ ಮದುವೆಯೊಂದಕ್ಕೆ ಹೋದಾಗ ಹಾಗಾಗಿತ್ತು. ಮಕ್ಕಳ ಡಾಕ್ಟರು ಇದು ಈ ವಯಸ್ಸಿನಲ್ಲಿ ಆಗುವುದುಂಟು, ತಾನಾಗಿ ಸರಿಹೋಗುತ್ತದೆ, ಹೆದರಬೇಡಿ ಎಂದು ಸಮಾಧಾನ ಹೇಳಿದ್ದಾರೆ. ಹೆದರಬೇಡಿ ಎನ್ನುವುದು ಸುಲಭ. ಆ ಹದಿನೈದು ಸೆಕೆಂಡು ಮಗುವನ್ನು ತೋಳಲ್ಲಿ ಹಿಡಿದುಕೊಂಡಿದ್ದವಳು ನನ್ನ ಮಗಳು. ಪರವೂರಿನಲ್ಲಿ ಮಗು ಚೆನ್ನಾಗಿ ಮಲಗಬೇಕಾದರೆ ಮನೆಯ ಪದ್ಧತಿಯನ್ನೇ ಅಲ್ಲೂ ಪಾಲಿಸಿ ಎಂದು ಅದೇ ಡಾಕ್ಟರು ಅಂದಿದ್ದರು. ಅವರು ಆ ಮಾತನ್ನು ಯಾರಿಗೆ ಹೇಳಿದರೂ ಪರವಾಗಿರಲಿಲ್ಲ, ಸರ್ವೆ ಮಾಡುವವಳಿಗೂ ಗ್ರಂಥಪಾಲಕನಿಗೂ ಒಟ್ಟಿಗೆ ಹೇಳಬಾರದಾಗಿತ್ತು.

ಮಗಳು ನಮ್ಮ ಮನೆಯ ಮಲಗುವ ಕೋಣೆಯನ್ನು ಅಳೆದು, ಗ್ರಾಫ್ ಕಾಗದದ ಮೇಲೆ, ಒಂದು ಅಂಗುಲಕ್ಕೆ ಎರಡು ಅಡಿಯಂತೆ ನಕ್ಷೆ ಬರೆದುಕೊಂಡು ಬಂದಿದ್ದಳು. ಮಂಚದ ತಲೆಭಾಗ ಗೋಡೆಯಿಂದ ಹದಿನಾಲ್ಕು ಅಂಗುಲ, ಕಿಟಕಿ ಎಡಕ್ಕೆ, ಬಾಗಿಲು ಕಾಲ ಬಳಿ. ತಮ್ಮ ಕೊಠಡಿಯ ಮೂಲೆಯಲ್ಲಿ, ಬೀರುವಿನ ಮರೆಯಲ್ಲಿ ಸುಮ್ಮನೆ ನಿಂತಿದ್ದ ಕಬ್ಬಿಣದ ಮಂಚವನ್ನು ನಾವಿಬ್ಬರೂ ಗುರುವಾರ ಬೆಳಿಗ್ಗೆ ಎಳೆದಾಡಿ, ಟೇಪು ಹಿಡಿದು, ದಿಕ್ಸೂಚಿ ಇಟ್ಟು, ಮನೆಯಲ್ಲಿ ಹೇಗಿತ್ತೋ ಹಾಗೆ ಕೋಣೆಯ ನಡುವಿಗೆ ತಂದು ನಿಲ್ಲಿಸಿದೆವು. ಒಗೆಯದ ಹಳೆಯ ಹೊದಿಕೆ, ಒಂದೇ ಕಿವಿ ಉಳಿದಿರುವ ಬಟ್ಟೆಯ ಮೊಲ, ಹಾಲಿನ ಲೋಟ, ಎಲ್ಲವೂ ಸ್ವಸ್ಥಾನ ಸೇರಿದವು. ನನ್ನ ಕೊಡುಗೆ ಸದ್ದು. ಸುತ್ತಿಗೊಮ್ಮೆ ಕಟಕ್ ಎನ್ನುವ ನಮ್ಮ ಮನೆಯ ಫ್ಯಾನಿನ ಸದ್ದಿಗೆ ಮಗು ಒಗ್ಗಿಕೊಂಡಿದೆಯೆಂದು, ಅದನ್ನು ಮಗಳ ಫೋನಿನಲ್ಲಿ ಒಂದು ಗಂಟೆ ಕಾಲ ರೆಕಾರ್ಡು ಮಾಡಿಸಿದ್ದೆ. ಆ ಒಂದು ಗಂಟೆ ನಾನು ತುಟಿಗೆ ಬೆರಳಿಟ್ಟುಕೊಂಡು ಮನೆಯೆಲ್ಲ ಸುತ್ತಿ, ಮನೆಯಾಕೆಯನ್ನು ಪಾತ್ರೆ ಮುಟ್ಟದಂತೆ ತಡೆದು, ಅರ್ಧಕ್ಕೆ ನಿಂತಿದ್ದ ಒಂದು ದೂರಿನ ಪತ್ರವನ್ನು ಕೂಡ ಮನಸ್ಸಿನಲ್ಲೇ ಓದಿಕೊಂಡೆ. ಒಂದು ಕೆಮ್ಮೂ ಇಲ್ಲದ ಶುದ್ಧ ಫ್ಯಾನು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ನನ್ನ ಗ್ರಂಥಾಲಯದಲ್ಲೂ ಅಂಥ ಮೌನ ಸಾಧ್ಯವಾಗಿರಲಿಲ್ಲ.

ಪರೀಕ್ಷೆಗೆ ಎರಡು ಪತ್ರಿಕೆ. ಮೊದಲನೆಯದು ಹನ್ನೆರಡೂವರೆಯಿಂದ ಎರಡೂವರೆ, ಇಪ್ಪತ್ತು ನಿಮಿಷ ಬಿಡುವು, ಆಮೇಲೆ ಎರಡನೆಯದು. ಒಳಗೆ ಫೋನು ಒಯ್ಯುವಂತಿಲ್ಲ, ಆದ್ದರಿಂದ ಫೋನು ನನ್ನ ಬಳಿ. ಆದರೆ ಪರೀಕ್ಷಾ ಭವನದ ಎರಡನೇ ಮಹಡಿಯ ಕಾರಿಡಾರಿನಲ್ಲಿ ನಿಂತರೆ ತಮ್ಮ ಕೊಠಡಿಯ ಕಿಟಕಿ ನೇರಕ್ಕೆ ಕಾಣುತ್ತದೆ ಎಂಬುದನ್ನು ಮಗಳು ಹಿಂದಿನ ಸಂಜೆಯೇ ನೋಡಿಕೊಂಡು ಬಂದಿದ್ದಳು. ಒಪ್ಪಂದ ಇಷ್ಟು: ಮಗು ಮಲಗಿದ್ದರೆ ನಾನು ಕಿಟಕಿಯ ಸರಳಿಗೆ ಕಿತ್ತಳೆ ಬಣ್ಣದ ಟವೆಲ್ಲನ್ನು ಹಾಕಬೇಕು. ಬಿಡುವಿನಲ್ಲಿ ಟವೆಲ್ ಕಂಡರೆ ಅವಳು ಎರಡನೆಯ ಪತ್ರಿಕೆಗೆ ಕೂರುತ್ತಾಳೆ; ಕಾಣದಿದ್ದರೆ ಎದ್ದು ಬಂದುಬಿಡುತ್ತಾಳೆ. "ಮಲಗದೆ ಟವೆಲ್ ಹಾಕಬಾರದು ಅಪ್ಪಾ. ನೀನು ಸುಳ್ಳು ಹಾಕಿದ್ರೆ ಟವೆಲ್ ನೋಡಿದ್ರೇ ನನಗೆ ಗೊತ್ತಾಗತ್ತೆ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದಳು. ಏಳು ವರ್ಷದ ಬಿಸಿಲು, ಮಾನ್ಯರೇ, ಒಂದು ಟವೆಲ್ಲಿನ ಮೇಲೆ ನಿಂತಿತ್ತು.

ಮಗು ಹಾಲು ಕುಡಿಯಿತು, ಮೊಲವನ್ನು ಅಪ್ಪಿಕೊಂಡಿತು, ಒಂದು ಗಂಟೆ ಹತ್ತು ನಿಮಿಷಕ್ಕೆ ಹಾಸಿಗೆಯ ಮೇಲೆ ಮಲಗಿತು. ನಾನು ದಪ್ಪ ಪರದೆ ಎಳೆದು, ಪಕ್ಕದಲ್ಲಿ ಒರಗಿ, ಫ್ಯಾನಿನ ಸದ್ದು ಹಚ್ಚಿದೆ. ಆಗ ತಾವು ಟಿಕ್ ಎಂದು ಆರಿದಿರಿ. ಎಂಥ ಸೂಕ್ಷ್ಮ ಮನಸ್ಸಿನ ದೀಪ, ಮಗು ಮಲಗಿದ್ದನ್ನು ತಿಳಿದು ತಾನೇ ಆರಿತಲ್ಲ ಎಂದು ನನ್ನ ಹೃದಯ ತುಂಬಿ ಬಂತು. ಮಗು ಮಗ್ಗುಲು ಬದಲಿಸಿತು. ಟಿಕ್. ತಾವು ಮತ್ತೆ ಹಾಜರು.

ತಮಗೆ ಸ್ವಿಚ್ ಇಲ್ಲ ಎಂಬ ಸತ್ಯ ತಿಳಿದದ್ದು ಆಗಲೇ. ಹಿಂದಿನ ರಾತ್ರಿ ಮೂಲೆಯಲ್ಲಿ ಮಲಗಿದ ಮೇಲೆ ತಾವು ಆರಿದ್ದನ್ನು, ಮಗಳು ಆರಿಸಿದಳೆಂದು ನಾನೂ ನಾನು ಆರಿಸಿದೆನೆಂದು ಅವಳೂ ತಿಳಿದಿದ್ದೆವು. ನಾಲ್ಕು ಗೋಡೆಯನ್ನೂ ತಡವಿದೆ, ತಾವು ನನ್ನನ್ನು ಹೆಜ್ಜೆ ಹೆಜ್ಜೆಗೂ ಬೆಳಗಿದಿರಿ. ಕೆಳಗಿನ ಕೌಂಟರಿಗೆ ಫೋನು ಮಾಡಿದರೆ ಅಲ್ಲಿದ್ದಾಕೆ, "ಅದಕ್ಕೆ ಸ್ವಿಚ್ ಬರಲ್ಲ ಸರ್, ಅದು ಸ್ಮಾರ್ಟು. ಯಾರೂ ಅಲುಗಾಡದೇ ಇದ್ರೆ ನಲವತ್ತು ಸೆಕೆಂಡಿಗೆ ತಾನೇ ಆಫ್ ಆಗತ್ತೆ" ಎಂದರು. ಮಗುವಿಗೆ ಅಲುಗಾಡಬೇಡ ಅಂತ ಯಾರು ಹೇಳಬೇಕು ತಾಯಿ ಎಂದು ಕೇಳಿದೆ. "ಎಲೆಕ್ಟ್ರಿಷಿಯನ್ ಸೋಮವಾರ ಬರ್ತಾರೆ ಸರ್" ಎಂಬ ಉತ್ತರ ಬಂತು. ಕುರ್ಚಿ ಹತ್ತಿ ತಮ್ಮ ಮುಖಕ್ಕೆ ಕಾಗದ ಅಂಟಿಸುವ ಆಲೋಚನೆ ಬಾರದೆ ಇರಲಿಲ್ಲ. ಆದರೆ ನನ್ನ ಎಡ ಮೊಣಕಾಲು ಈಗಾಗಲೇ ಸ್ಮಾರ್ಟು, ಯಾವಾಗ ಕೆಲಸ ನಿಲ್ಲಿಸಬೇಕೆಂದು ಅದೇ ತೀರ್ಮಾನಿಸುತ್ತದೆ.

ಇಷ್ಟರಲ್ಲಿ ಇನ್ಸ್‌ಪೆಕ್ಟರಮ್ಮನವರು ತಮ್ಮನ್ನು ಕಂಡುಹಿಡಿದರು. ಕೈ ಎತ್ತಿದರೆ ಬೆಳಕು. "ಬಂತು!" ಎಂದು ಕೇಕೆ. ಆಮೇಲೆ ಉಸಿರು ಬಿಗಿಹಿಡಿದು, ಕಲ್ಲಿನಂತೆ ಮಲಗಿ, ನಲವತ್ತು ಸೆಕೆಂಡಿನ ಕೊನೆಗೆ ತಾವು ಆರಿದೊಡನೆ, "ಹೋಯ್ತು!" ಕಾಲು ಎತ್ತಿದರೂ ಬೆಳಕು. ಮೊಲದ ಕಿವಿ ಎತ್ತಿದರೂ ಬೆಳಕು. "ತಾತ, ನೀ ಮಾಡು" ಎಂದು ನನಗೂ ಒಂದು ಸರದಿ ಕೊಟ್ಟರು. ಇಪ್ಪತ್ತೇಳು ಸಲ, ಮಾನ್ಯರೇ, ನಾನು ಎಣಿಸಿದ್ದೇನೆ. ಲೋಕದ ಸೂರ್ಯಚಂದ್ರರು ತನ್ನ ಕಿರುಬೆರಳಿನ ಅಪ್ಪಣೆಗೆ ಕಾದಿದ್ದಾರೆ ಎಂದು ಎರಡು ವರ್ಷದ ಮಗುವಿಗೆ ಮನವರಿಕೆ ಮಾಡಿಕೊಟ್ಟ ಮೇಲೆ ಅದು ಯಾಕಾದರೂ ಮಲಗಬೇಕು? ಅಂಥ ಅಧಿಕಾರ ಸಿಕ್ಕಿದ ದೊಡ್ಡವರೇ ಮಲಗುವುದಿಲ್ಲ.

ಎರಡು ಗಂಟೆಗೆ ಆಟ ಮುಗಿಯಿತು, ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಉಜ್ಜಿಕೊಳ್ಳುವುದು, ಕೈ ಅಲುಗುವುದು, ತಾವು ಹೊತ್ತಿಕೊಳ್ಳುವುದು, ಬೆಳಕಿಗೆ ಬೆಚ್ಚುವುದು, ಮತ್ತೆ ಕಣ್ಣು ಉಜ್ಜಿಕೊಳ್ಳುವುದು. ಎರಡು ಗಂಟೆ ಹತ್ತು ನಿಮಿಷಕ್ಕೆ ಅಳು ಶುರುವಾಯಿತು. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಒಂದೇ, ತುಟಿಗೆ ಬೆರಳಿಟ್ಟು ಶ್ ಎನ್ನುವುದು. ಅಂದೆ. ಅಳು ಏರಿತು. ಫ್ಯಾನಿನ ಸದ್ದು ಹೆಚ್ಚಿಸಿದೆ. ಮಗು ಫೋನನ್ನು ಒದ್ದು ಕೆಳಗೆ ಬೀಳಿಸಿತು. ಎತ್ತಿಕೊಂಡು ಓಡಾಡಿದೆ, ತಾವು ಮೆರವಣಿಗೆಯ ಹಾಗೆ ಬೆಳಕು ಚೆಲ್ಲಿದಿರಿ. ಎರಡೂಕಾಲು ಗಂಟೆಗೆ ಆ ಅಳು ನನಗೆ ಗುರುತಿರುವ ಎತ್ತರಕ್ಕೆ ಮುಟ್ಟಿ, ನಡುವೆ ಒಂದು ನಿಲುಗಡೆ ಬಂತು. ಬಾಯಿ ತೆರೆದೇ ಇದೆ, ಸದ್ದಿಲ್ಲ. ನನ್ನ ಕಣ್ಣು ತುಟಿಯ ಮೇಲೆ. ಎರಡು ಸೆಕೆಂಡಿನ ಮೇಲೆ ಉಸಿರು ತಿರುಗಿತು, ಅಳು ಮರಳಿತು. ಕಿಟಕಿಯ ಬಳಿ ಕುರ್ಚಿಯ ಮೇಲೆ ಟವೆಲ್ ಮಡಚಿ ಇಟ್ಟದ್ದು ಕಾಣುತ್ತಿತ್ತು. ಸುಳ್ಳು ಹೇಳಲು ನಾಲ್ಕು ಹೆಜ್ಜೆ ನಡೆದರೆ ಸಾಕಿತ್ತು. ನಾನು ಮೂರು ಹೆಜ್ಜೆ ನಡೆದದ್ದಕ್ಕೆ ತಾವೇ ಸಾಕ್ಷಿ. ಆ ಹೊತ್ತಿನಲ್ಲಿ ತಾವು ಪೂರ್ತಿ ಉರಿಯುತ್ತಿದ್ದಿರಿ. ನಾಲ್ಕನೆಯದನ್ನು ಇಡದೆ ಹಿಂದಕ್ಕೆ ಬಂದದ್ದಕ್ಕೂ ತಾವೇ ಸಾಕ್ಷಿ.

ಹಿಂದಕ್ಕೆ ಬಂದು, ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಮಂಚದ ಮೇಲೆ ಬಿದ್ದೆ. ತಮ್ಮ ಮುಖ ನೇರಕ್ಕೆ ಮೇಲೆ ಕಾಣುತ್ತಿತ್ತು. ಸಂಕಟವೆಲ್ಲ ಕೋಪವಾಗಿ ತಿರುಗಿ, ಬೇರೆ ಯಾರೂ ಸಿಗದೆ, ನಾನು ತಮ್ಮನ್ನು ಉದ್ದೇಶಿಸಿ ಗಟ್ಟಿಯಾಗಿ ಮಾತಾಡತೊಡಗಿದೆ. ಬೈಯುವುದು ನನಗೆ ಬರುವುದು ಒಂದೇ ಭಾಷೆಯಲ್ಲಿ. ಮಾನ್ಯರೇ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ಈ ಕೊಠಡಿಯಲ್ಲಿ ಅಳವಡಿಸಲ್ಪಟ್ಟಂದಿನಿಂದ ಇಲ್ಲಿಯವರೆಗೆ ತೋರಿಸುತ್ತ ಬಂದಿರುವ ಅತ್ಯುತ್ಸಾಹದ ವಿಷಯದಲ್ಲಿ…

ಮಗು ಅಳು ನಿಲ್ಲಿಸಿತು.

ತಲೆ ಎತ್ತಿ ನನ್ನ ಮುಖ ನೋಡಿತು. ಕಳೆದುಹೋದ ಸಾಮಾನು ಸಿಕ್ಕಿದವರ ಮುಖ ಇರುತ್ತದಲ್ಲ, ಅಂಥದ್ದು. ಆಮೇಲೆ ತಲೆಯನ್ನು ನನ್ನ ಎದೆಯ ಮೇಲೆ ಇಟ್ಟು, ಒಂದು ನಿಟ್ಟುಸಿರು ಬಿಟ್ಟಿತು. ನಾನು ಹೆದರಿ ಮುಂದುವರಿಸಿದೆ. ಮೇಲ್ಕಂಡ ವಿಷಯವನ್ನು ತಾವು ಸಹಾನುಭೂತಿಯಿಂದ ಪರಿಶೀಲಿಸಿ ಎಂಬಲ್ಲಿ ರೆಪ್ಪೆ ಭಾರವಾಯಿತು. ತುರ್ತು ಕ್ರಮ ಕೈಗೊಳ್ಳಬೇಕೆಂದು ಎಂಬಲ್ಲಿ ಮೊಲ ಕೈಯಿಂದ ಜಾರಿತು. ಗೆದ್ದೆನೆಂದು ಬಾಯಿ ಮುಚ್ಚಿದೆ. ಮಗು ಕದಲಿತು, ತಾವು ಟಿಕ್ ಎಂದಿರಿ, ಕಣ್ಣು ತೆರೆಯಿತು. ಮತ್ತೆ ಮಾನ್ಯರೇ ಎಂದೆ. ಕಣ್ಣು ಮುಚ್ಚಿತು, ತಾವು ಜಗಜಗನೆ ಉರಿಯುತ್ತಿದ್ದ ಹಾಗೆಯೇ.

ಆಗ ತಿಳಿಯಿತು, ನನ್ನ ಮೊಮ್ಮಗಳಿಗೆ ಬೆಳಕಿನ ಮೇಲೆ ಯಾವ ದೂರೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅವಳು ಮಲಗುವುದು, ನಾನು ಊಟ ಮುಗಿಸಿ ನಡುಮನೆಯಲ್ಲಿ ಪತ್ರ ಓದಲು ಕೂರುವುದು, ಎರಡೂ ಒಂದೇ ಹೊತ್ತು. ಹುಟ್ಟಿದಾಗಿನಿಂದ ಅವಳು ಕೇಳಿಕೊಂಡು ಮಲಗಿದ್ದು ಬಾಗಿಲಾಚೆಯ ನನ್ನ ಗೊಣಗಾಟವನ್ನು. ಫ್ಯಾನು ಅದರ ಹಿನ್ನೆಲೆ ಮಾತ್ರ. ನಾವು ಮನೆಯ ಸದ್ದನ್ನು ಊರಿಂದೂರಿಗೆ ಹೊತ್ತು ತರುವ ಮುನ್ನ ಅದರಲ್ಲಿದ್ದ ಮನೆಯನ್ನೇ ಹೊರಗೆ ಹಾಕಿ, ಫ್ಯಾನನ್ನು ಉಳಿಸಿಕೊಂಡಿದ್ದೆವು. ಎಲ್ಲರನ್ನೂ ಶ್ ಎಂದವನು ನಾನೇ.

ಎರಡು ಗಂಟೆ ನಲವತ್ತೊಂದು ನಿಮಿಷಕ್ಕೆ ಮಗುವನ್ನು ಮೆಲ್ಲಗೆ ಹಾಸಿಗೆಗೆ ಇಳಿಸಿ, ತಮ್ಮ ದೋಷಗಳನ್ನು ಒಂದೊಂದಾಗಿ ಗಟ್ಟಿಯಾಗಿ ಎಣಿಸುತ್ತ, ತಮ್ಮ ಸಂಪೂರ್ಣ ಪ್ರಕಾಶದಲ್ಲಿ ಕಿಟಕಿಗೆ ನಡೆದು, ಪರದೆಯ ಸಂದಿಯಲ್ಲಿ ಕೈ ತೂರಿಸಿ ಟವೆಲ್ ಹಾಕಿದೆ. ಎದುರಿನ ಕಾರಿಡಾರಿನಲ್ಲಿ ಎಲ್ಲರೂ ಒಳಗೆ ಹೋಗಿಯಾಗಿತ್ತು. ಒಬ್ಬಳು ಮಾತ್ರ ಕಂಬಿ ಹಿಡಿದು ನಿಂತಿದ್ದಳು, ಕೈಚೀಲ ಆಗಲೇ ಹೆಗಲಿಗೇರಿತ್ತು. ಟವೆಲ್ಲನ್ನು ನೋಡಿದಳು. ದೂರದಿಂದ ಗಡಿಗಲ್ಲು ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ, ಸಾಕಷ್ಟು ಹೊತ್ತು ನೋಡಿದಳು. ಆಮೇಲೆ ಚೀಲವನ್ನು ಹೆಗಲಿಂದ ಇಳಿಸಿ ಒಳಗೆ ಹೋದಳು.

ಅಲ್ಲಿಂದ ನನ್ನ ನಿಜವಾದ ಸೇವೆ ಆರಂಭವಾಯಿತು. ಬಾಯಿ ನಿಂತರೆ ಮಗು ಕದಲುತ್ತದೆ; ತಮ್ಮ ಮೇಲಿನ ದೂರುಗಳು ಮೂರು ಗಂಟೆಗೆ ಮುಗಿದುಹೋದವು. ನಾನು ಯಾವ ಅನ್ಯಾಯವನ್ನೂ ಮರೆಯುವವನಲ್ಲ ಎಂಬುದನ್ನು ಮನೆಯವರು ಇದುವರೆಗೆ ಒಂದು ಕಾಯಿಲೆ ಎಂದು ಭಾವಿಸಿದ್ದರು. ಅಂದು ಆ ಕಾಯಿಲೆಯೇ ಕೈ ಹಿಡಿಯಿತು. ಹನ್ನೊಂದು ವರ್ಷ ನಾಲ್ಕು ಹತ್ತನ್ನೇ ತೋರಿಸಿದ ನಿಲ್ದಾಣದ ಗಡಿಯಾರ, ನಿಘಂಟಿನ ಮೂರನೆಯ ಸಂಪುಟವನ್ನು ಎರವಲು ಒಯ್ದು ಹಿಂದಿರುಗಿಸದೆ ವರ್ಗವಾಗಿ ಹೋದ ಅಧಿಕಾರಿ, ಇತಿಹಾಸ ವಿಭಾಗದ ಮೇಲೆ ಮಾತ್ರ ಸೋರುತ್ತಿದ್ದ ಛಾವಣಿ, ಕಂಬ ಕಿತ್ತುಕೊಂಡು ಹೋದ ಇಲಾಖೆ, ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಸಿ, ದಿನಾಂಕ ಸಹಿತ ವಿಚಾರಿಸಿಕೊಂಡೆ. ನಲವತ್ತು ವರ್ಷದಿಂದ ಯಾವ ಕಚೇರಿಯನ್ನೂ ಅಲ್ಲಾಡಿಸದ ನನ್ನ ಗದ್ಯ ಒಂದು ಮಗುವನ್ನು ಅಲ್ಲಾಡದ ಹಾಗೆ ಮಲಗಿಸಿತು.

ಐದು ಗಂಟೆಗೆ ಬಾಗಿಲು ತೆರೆಯಿತು. "ಯಾರಿಗಪ್ಪಾ ಬೈತಾ ಇದ್ದೀಯ?" ಎಂದು ಮಗಳು ಪಿಸುಗುಟ್ಟಿದಳು. ನಾನು ಬಾಯಿ ನಿಲ್ಲಿಸದೆ ಬೆರಳಿನಿಂದ ತಮ್ಮನ್ನು ತೋರಿಸಿದೆ. ಮೊದಲ ಪತ್ರಿಕೆಯಲ್ಲಿ ಅರ್ಧ ಹೊತ್ತು ಗಡಿಯಾರವನ್ನೇ ನೋಡಿದಳಂತೆ. ಎರಡನೆಯದನ್ನು ಪೂರ್ತಿ ಬರೆದಳಂತೆ. "ನೀನು ಟವೆಲ್ ಸೊಟ್ಟಗೆ, ಅರ್ಧ ಒಳಗೆ ಅರ್ಧ ಹೊರಗೆ ಹಾಕಿದ್ದೆ. ಸುಳ್ಳಾಗಿದ್ರೆ ನೀಟಾಗಿ ಹಾಕಿರ್ತಿದ್ದೆ, ಅಲ್ವಾ?" ಎಂದಳು. ನಾನು ಕಿಟಕಿಗೆ ಹೋಗಿ ಟವೆಲ್ಲನ್ನು ತೆಗೆದು ನೀಟಾಗಿ ಮಡಚಿಟ್ಟೆ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಇನ್ನು ಮುಂದೆ ಮಧ್ಯಾಹ್ನ ಒಂದರಿಂದ ಮೂರರವರೆಗೆ ತಾವೂ ಕಣ್ಣು ಮುಚ್ಚಿ ವಿಶ್ರಾಂತಿ ಪಡೆಯಬೇಕು; ಮೂರು ಅಡಿಗಿಂತ ಕಡಿಮೆ ಎತ್ತರದವರು ಕೈ ಆಡಿಸಿದರೆ ಕಂಡೂ ಕಾಣದಂತಿರಬೇಕು; ಮತ್ತು ಸಾಧ್ಯವಾದರೆ ತಮ್ಮ ಸಂಬಂಧಿಕರೊಬ್ಬರನ್ನು ನನ್ನ ಹಳೆಯ ಗ್ರಂಥಾಲಯಕ್ಕೆ ಕಳುಹಿಸಿಕೊಡಬೇಕು. ಅಲ್ಲಿ ಪತ್ರಿಕೆ ಮುಖಕ್ಕೆ ಹಿಡಿದು ಗಂಟೆಗಟ್ಟಲೆ ಅಲುಗಾಡದೆ ಕೂರುವ ಓದುಗರಿದ್ದಾರೆ. ಅವರು ಓದುತ್ತಿದ್ದಾರೋ ಇಲ್ಲವೋ ಎಂಬುದು ಮೂವತ್ತನಾಲ್ಕು ವರ್ಷವಾದರೂ ನನಗೆ ತಿಳಿಯಲಿಲ್ಲ, ತಮ್ಮವರು ನಲವತ್ತು ಸೆಕೆಂಡಿನಲ್ಲಿ ಹೇಳಿಬಿಡುತ್ತಾರೆ. ಈ ಪತ್ರವನ್ನು ಕೌಂಟರಿನಾಕೆ ತಮ್ಮೆದುರು ಓದಿ ಹೇಳುವಾಗ ತಾವು ಆರಿಹೋದರೆ ಅದನ್ನು ಒಪ್ಪಿಗೆ ಎಂದು ತಿಳಿಯುತ್ತೇನೆ.

ಕದಲದೆ, ಮಿಸುಕದೆ,
ತಮ್ಮ ವಿಶ್ವಾಸಿ,
ಇನ್ನೂರಾ ಏಳರಲ್ಲಿ ಒಂದು ಮಧ್ಯಾಹ್ನ ತಮ್ಮ ಕೆಳಗೆ ಮಲಗಿದ್ದ ತಾತ

ತಾ.ಕ.: ಹೊರಡುವಾಗ ಕೌಂಟರಿನಾಕೆ ಕೋಣೆಯನ್ನು ಇಣುಕಿ ನೋಡಿ, "ಅಯ್ಯೋ, ಮಂಚ ಯಾಕ್ ಸರ್ ಎಳೆದ್ರಿ? ಮೂಲೇಲೇ ಇದ್ದಿದ್ರೆ ಬೀರು ಅಡ್ಡ ಬಂದು ಆ ದೀಪಕ್ಕೆ ಏನೂ ಕಾಣ್ತಿರಲಿಲ್ಲ. ಮಕ್ಕಳು ಮಲಗಲಿ ಅಂತಾನೇ ಅಲ್ಲಿ ಇಟ್ಟಿರೋದು" ಎಂದರು. ಮಗಳು ನಕ್ಷೆಯನ್ನು ಮಡಚಿ ಚೀಲಕ್ಕೆ ತುರುಕಿದಳು, ನಾನು ಮೊಲದ ಕಿವಿ ಸರಿಮಾಡಿದೆ. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ. ಇದು ಬಹಿರಂಗ ಪತ್ರವಾದರೂ ಇಷ್ಟು ದೂರ ಯಾರೂ ಎಚ್ಚರವಾಗಿದ್ದು ಓದಿರಲಾರರು ಎಂಬುದು ನನ್ನ ಮನೆಯಾಕೆಯ ಅನುಭವ.